ಮಿರಗದ ಹುಳು ಕೂತ ಅಂಗೈ

ಸಿಮೆಂಟ್ ಕಾರ್ಖಾನೆಯ ವಾಡಿಯಲ್ಲಿ ಕ್ಯಾಮೆರಾ ಇಟ್ಟುಕೊಂಡವನಿಗೆ ಮೊದಲ ವೈರಿ ಧೂಳು. ಬೆಳಿಗ್ಗೆ ಒರೆಸಿದ ಕಿಟಕಿಯ ಮೇಲೆ ಮಧ್ಯಾಹ್ನ ಬೆರಳಿನಿಂದ ಹೆಸರು ಬರೆಯಬಹುದು. ಒಂದು ಲೆನ್ಸ್ ಬಿಚ್ಚಿ ಇನ್ನೊಂದು ಹಾಕುವಷ್ಟರಲ್ಲಿ ಒಳಗೆ ಚಿತ್ರ ಹಿಡಿಯುವ ಸೆನ್ಸರಿನ ಮೇಲೆ ನಾಲ್ಕು ಕಣ ಬಂದು ಕೂತಿರುತ್ತವೆ. ಆಮೇಲೆ ತೆಗೆದ ಪ್ರತಿ ಚಿತ್ರದಲ್ಲೂ ನಾಲ್ಕು ಕಪ್ಪು ಚುಕ್ಕೆ. ತೀರಾ ಹತ್ತಿರದಿಂದ ತೆಗೆಯುವ ಚಿತ್ರಗಳಲ್ಲಿ ಈ ಕಾಟ ಇನ್ನೂ ಹೆಚ್ಚು. ಹುಳುವಿನ ಮೀಸೆಯಿಂದ ಹಿಂಗಾಲಿನವರೆಗೆ ಎಲ್ಲವೂ ಸ್ಪಷ್ಟ ಬರಲೆಂದು ಲೆನ್ಸಿನ ಕಿಂಡಿಯನ್ನು ಆದಷ್ಟು ಕಿರಿದು ಮಾಡಿರುತ್ತೇವೆ, ಕಿಂಡಿ ಕಿರಿದಾದಷ್ಟೂ ಧೂಳು ಎದ್ದು ಕಾಣುತ್ತದೆ.

ಹಾಗಾಗಿ ನನಗೊಂದು ರೂಢಿ ಬಿದ್ದಿತ್ತು. ಚಿತ್ರವನ್ನು ಲ್ಯಾಪ್‌ಟಾಪಿಗೆ ಹಾಕಿದ ಕೂಡಲೇ ದೊಡ್ಡದು ಮಾಡಿ, ಎಡಮೂಲೆಯಿಂದ ಕಳೆ ತೆಗೆದ ಹಾಗೆ ಸಾಲು ಹಿಡಿದು ಹೋಗುವುದು. ಕಪ್ಪು ಕಂಡಲ್ಲಿ ಒಂದು ಕ್ಲಿಕ್. ಸಾಫ್ಟ್‌ವೇರ್ ಪಕ್ಕದ ಬಣ್ಣ ತಂದು ಚುಕ್ಕೆಯನ್ನು ಮುಚ್ಚಿಬಿಡುತ್ತದೆ. ನಾನು ಭಂಕೂರಿನ ಶಾಲೆಯಲ್ಲಿ ಮಾಸ್ತರ. ಮಕ್ಕಳ ವಹಿಯಲ್ಲಿ ತಪ್ಪು ಕಂಡರೆ ತಿದ್ದದೆ ಬಿಟ್ಟವನಲ್ಲ. ಈ ಕ್ಲಿಕ್ಕಿನಲ್ಲೂ ನನಗೆ ಅದೇ ಸುಖ ಸಿಗುತ್ತಿತ್ತು. ಚಿತ್ರ ಸ್ವಚ್ಛವಾದ ಮೇಲೆ ಮೂಲದ ಮೇಲೆಯೇ ಸೇವ್ ಮಾಡಿಬಿಡುತ್ತಿದ್ದೆ. ಹೊಲಸು ಚಿತ್ರವನ್ನು ಇಟ್ಟುಕೊಂಡು ಏನು ಮಾಡುವುದು ಎನ್ನುವ ಧಿಮಾಕು.

ಅಂಥ ಸ್ವಚ್ಛ ಚಿತ್ರಗಳಲ್ಲಿ ನನಗೆ ಭಾಳ ಹೆಮ್ಮೆಯದು ಒಂದೇ. ಮಿರಗದ, ಅಂದರೆ ಮೃಗಶಿರದ, ಮೊದಲ ಮಳೆಗೆ ಕರಿನೆಲದಿಂದ ಹೊರಬರುವ ಕೆಂಪು ಮಖಮಲ್ಲಿನ ಹುಳು, ನನ್ನ ಹೆಂಡತಿಯ ಎಡ ಅಂಗೈ ಮೇಲೆ ನಡೆಯುತ್ತಿರುವ ಚಿತ್ರ. ಅವಳು ಕೈ ಅಲುಗಿಸದೆ ಹಿಡಿದಿರಬೇಕು, ಹುಳು ಮಾತ್ರ ನಿಲ್ಲುವುದಿಲ್ಲ. ಹನ್ನೊಂದು ಸಲ ತೆಗೆದ ಮೇಲೆ ಒಂದು ಬಂತು. ಆಗಿನ್ನೂ ನನ್ನ ಹತ್ತಿರ ಲ್ಯಾಪ್‌ಟಾಪ್ ಇರಲಿಲ್ಲ. ಚಿತ್ತಾಪುರದಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಗೆಳೆಯನ ಕಂಪ್ಯೂಟರಿನಲ್ಲಿ ಕೂತು ತಿದ್ದಿದೆ, ಅಲ್ಲೇ ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಂದು ಗೋಡೆಗೆ ತೂಗುಹಾಕಿದೆ. ಬಂದವರೆಲ್ಲ ಹುಳು ನೋಡಿ ಬೆರಗಾದರು.

ಎರಡು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ, ರೊಟ್ಟಿ ಬಡಿಯುವಾಗ ಅಂಗೈ ಉರಿಯುತ್ತದೆ ಎಂದು ಹೆಂಡತಿ ಹೇಳಿದಳು. ನೋಡಿದರೆ ಕಿರುಬೆರಳಿನ ಕೆಳಗೆ ತೊಗರಿ ಕಾಳಿನಷ್ಟು ಕಪ್ಪು ಕಲೆ. ಅಂಚು ಒಂದು ಕಡೆ ಹರಡಿಕೊಂಡಿತ್ತು. ಅದನ್ನು ನಾನು ಕಂಡದ್ದು ಅವತ್ತೇ ಮೊದಲು. ಕಲಬುರಗಿಯ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆ ಡಾಕ್ಟರಮ್ಮ ಕೈಯನ್ನು ದೀಪದ ಕೆಳಗೆ ಹಿಡಿದು ಕೇಳಿದರು:

"ಯಾವಾಗಿಂದ ಅದರಿ ಇದು?"

ಹೆಂಡತಿ ಬಾಯಿ ತೆರೆಯುವುದರೊಳಗೆ ನಾನು ಮೊಬೈಲ್ ಮುಂದೆ ಚಾಚಿದೆ. "ನೋಡ್ರಿ ಮೇಡಂ, ಎರಡು ವರ್ಷದ ಹಿಂದ ನಾನೇ ತೆಗದಿದ್ದು. ಕೈ ಎಷ್ಟು ಸಾಫ್ ಅದ ನೋಡ್ರಿ. ಇದೆಲ್ಲಾ ಈಗೀಗ ಬಂದಿದ್ದು."

ಅವರು ಚಿತ್ರವನ್ನು ಹಿಗ್ಗಿಸಿ ನೋಡಿದರು. ಹೆಂಡತಿ ನನ್ನ ಮುಖ ನೋಡಿ ಸುಮ್ಮನಾದಳು.

"ಹಳೇದು ಬೆಳಕೋತ ಬಂದಿದ್ರ ಚಿಂತಿ ಮಾಡಬೇಕ್ರಿ, ಕ್ಯಾನ್ಸರ್ ಇರಬಹುದು. ಹೊಸಾದಂದ್ರ ಜಜ್ಜಿ ರಕ್ತ ಕಟ್ಟಿದ್ದೂ ಇರ್ತದ. ಮೂರು ತಿಂಗಳು ನೋಡೋಣ. ನೀವು ಫೋಟೋದವ್ರು, ತಿಂಗಳಿಗೊಮ್ಮಿ ಹತ್ತಿರದಿಂದ ಒಂದೊಂದು ತಗೀರಿ."

ನನ್ನ ಚಿತ್ರ ಒಬ್ಬ ಡಾಕ್ಟರಿಗೆ ಸಾಕ್ಷಿಯಾಯಿತಲ್ಲ ಎಂದು ನಾನು ಬೀಗಿದೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಬೀಗಿದ್ದು ನಿಜ.

ಮರುದಿನ ಭಾನುವಾರ, ಅಂಗಳದ ಬೆಳಕಿನಲ್ಲಿ ಅವಳ ಕೈಯನ್ನು ಮಣೆಯ ಮೇಲೆ ಇಡಿಸಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಮೊದಲ ಚಿತ್ರ ತೆಗೆದೆ. ಲ್ಯಾಪ್‌ಟಾಪಿಗೆ ಹಾಕಿದೆ. ದೊಡ್ಡದು ಮಾಡಿದೆ. ಎಡಮೂಲೆಯಿಂದ ಸಾಲು ಹಿಡಿದೆ. ಧೂಳು ಬೇಕಾದಷ್ಟಿತ್ತು. ಕ್ಲಿಕ್, ಕ್ಲಿಕ್ ಎಂದು ಹೋಗುತ್ತಿದ್ದ ಕೈ ಇನ್ನೊಂದು ಕಡೆ ಒತ್ತಿತು, ನೋಡಿದರೆ ಪರದೆಯ ಮೇಲೆ ಅಂಗೈ ಸಾಫಾಗಿತ್ತು. ಕಲೆ ಇಲ್ಲ. ಯಾವುದರ ಚಿತ್ರ ತೆಗೆಯಲು ಕೂತಿದ್ದೆನೋ ಅದನ್ನೇ ನಾನು ನೋಡದೆ ಅಳಿಸಿದ್ದೆ.

ಇವತ್ತು ಇಷ್ಟು ದೊಡ್ಡ ಕಲೆಯನ್ನೇ ಅಳಿಸಿದ ಕೈ, ಎರಡು ವರ್ಷದ ಹಿಂದೆ ಒಂದು ಸಣ್ಣ ಚುಕ್ಕೆಯನ್ನು ಬಿಟ್ಟೀತೆ?

ಅಂಗೈಯ ಹಳೆಯ ಚಿತ್ರ ತೆರೆದೆ. ಕಿರುಬೆರಳಿನ ಕೆಳಗೆ ದೊಡ್ಡದು ಮಾಡುತ್ತ ಹೋದೆ. ಚರ್ಮದ ಗೆರೆಗಳು ಒಂದು ಕಡೆ ಎರಡೆರಡು ಸಲ ಬಂದ ಹಾಗಿದ್ದವು. ಪಕ್ಕದ ಚರ್ಮ ತಂದು ಮುಚ್ಚಿದರೆ ಹಾಗಾಗುತ್ತದೆ. ಆದರೆ ಹಾಗೆ ಮುಚ್ಚಿದ ಜಾಗಗಳು ಆ ಅಂಗೈ ತುಂಬ ಇದ್ದವು. ಇಲ್ಲಿ ಮುಚ್ಚಿದ್ದು ಧೂಳೋ, ಅವಳ ಮೈಯದೋ? ಮೂಲವಿಲ್ಲದೆ ತಿಳಿಯುವಂತಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಮೂಲವಿಲ್ಲ. ಕ್ಯಾಮೆರಾದ ಕಾರ್ಡನ್ನು ಎಷ್ಟು ಸಲ ಅಳಿಸಿ ತುಂಬಿದ್ದೆನೋ. ನನಗೆ ನನ್ನ ಮೇಲೆಯೇ ಅಸಹ್ಯ ಬಂತು.

ಒಳಗಿಂದ ಹೆಂಡತಿ, "ಫೋಟೋ ಛಲೋ ಬಂತೇನ್ರಿ?" ಎಂದು ಕೇಳಿದಳು. ಬಂತು ಎಂದೆ. ಅವಳಿಗೆ ಹೇಳುವ ಧೈರ್ಯವಾಗಲಿಲ್ಲ. ಅವಳನ್ನೇ ಕೇಳಿದ್ದರೆ ಮುಗಿಯುತ್ತಿತ್ತು, ನಿನಗೆ ಮೊದಲು ಅಲ್ಲಿ ಚುಕ್ಕೆ ಇತ್ತೇನು ಎಂದು. ಕೇಳಲಿಲ್ಲ. ಕೇಳಿದರೆ ಯಾಕೆ ಎಂದು ಅವಳು ಕೇಳುತ್ತಾಳಲ್ಲ.

ಚಿತ್ತಾಪುರದ ಗೆಳೆಯನಿಗೆ ಫೋನ್ ಮಾಡಿದೆ. ಅವನು ಸೇಡಂನಲ್ಲಿ ಒಂದು ಮದುವೆಯ ಶೂಟಿಂಗಿನಲ್ಲಿದ್ದ, ನಾಳೆ ಬರ್ರಿ ಎಂದ. ಈ ಗೆಳೆಯನಿಗೆ ಒಂದು ಚಟ ಇತ್ತು. ಯಾರ ಕಾರ್ಡ್ ಕಂಪ್ಯೂಟರಿಗೆ ಹಾಕಿದರೂ ಮೊದಲು ಅದನ್ನು ಪೂರ್ತಿ ಕಾಪಿ ಮಾಡಿ ಇಟ್ಟುಕೊಳ್ಳುವುದು. ಮದುವೆಯ ಫೋಟೋ ಕಳೆದರೆ ಎರಡೂ ಕಡೆಯ ಬೀಗರು ಸೇರಿ ಹೊಡೆಯುತ್ತಾರೆ ಎಂಬ ಅಂಜಿಕೆಯಿಂದ ಬಿದ್ದ ಚಟ. ನಿನ್ನ ಸ್ಟುಡಿಯೋ ಅಲ್ಲೋ, ಗುಜರಿ ಅಂಗಡಿ ಎಂದು ನಾನು ಅವನನ್ನು ಎಷ್ಟೋ ಸಲ ಹಂಗಿಸಿದ್ದೆ.

ಸೋಮವಾರ ಶಾಲೆಗೆ ರಜೆ ಹಾಕಿ ಪ್ಯಾಸೆಂಜರ್ ಹತ್ತಿದೆ. ವಾಡಿಯಿಂದ ಚಿತ್ತಾಪುರ ಹತ್ತಿರದ ದಾರಿ, ಆದರೂ ಅವತ್ತು ಗಾಡಿ ನಿಂತಲ್ಲೆಲ್ಲ ಎದ್ದು ಬಾಗಿಲಿಗೆ ಹೋಗಿ ಬಂದೆ. ಸ್ಟುಡಿಯೋ ತೆರೆದಿತ್ತು.

"ಬರ್ರಿ ಮಾಸ್ತರ, ಕುಂದ್ರಿ. ಚಾ ಹೇಳಲೇನ್ರಿ?"

"ಚಾ ಬ್ಯಾಡ. ಮೊದಲ ಆ ಫೋಟೋ ಹುಡುಕು."

ವಿಷಯ ಹೇಳಿದೆ. ಅವನು ಡಬ್ಬಿಯಿಂದ ಹಾರ್ಡ್‌ಡಿಸ್ಕುಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿಟ್ಟ. ಮೊದಲನೆಯದರಲ್ಲಿ ಇರಲಿಲ್ಲ. ಎರಡನೆಯದು ತೆರೆಯಲೇ ಇಲ್ಲ, ಒಳಗೆ ಟಕಟಕ ಸದ್ದು ಮಾಡಿ ನಿಂತುಹೋಯಿತು. ಅದರಲ್ಲೇ ಇದ್ದರೆ ಏನು ಗತಿ? ಪಾಸ್‌ಪೋರ್ಟ್ ಸೈಜಿನ ಫೋಟೋಕ್ಕೆಂದು ಬಂದ ಒಬ್ಬರನ್ನು ಅವನು ಆಮೇಲೆ ಬರ್ರಿ ಎಂದು ಕಳಿಸಿದ. ನಾಲ್ಕನೆಯದರಲ್ಲಿ, ಚಿಂಚೋಳಿಯ ಯಾರದೋ ಸೀಮಂತದ ಫೋಟೋಗಳ ಕೆಳಗೆ, ನನ್ನ ಕಾರ್ಡಿನ ಕಾಪಿ ಸಿಕ್ಕಿತು. ಹನ್ನೊಂದೂ ಇದ್ದವು.

ನಾನು ಆರಿಸಿದ್ದ ಚಿತ್ರದ ಮೂಲವನ್ನು ತೆರೆದ. ಅಂಗೈ ತುಂಬ ಚುಕ್ಕೆಗಳು. ಕಿರುಬೆರಳಿನ ಕೆಳಗೆ ಒಂದಲ್ಲ, ಮೂರು. ಯಾವುದು ಧೂಳು, ಯಾವುದು ಅಲ್ಲ?

"ಹನ್ನೊಂದೂ ಒಂದರ ಹಿಂದ ಒಂದು ಓಡಸ್ತೀನ್ರಿ," ಅಂದ ಗೆಳೆಯ. "ಧೂಳ ಕ್ಯಾಮೆರಾದಾಗ ಕುಂತಿರ್ತದ, ಅದು ಫೋಟೋದಾಗ ಜಾಗಾ ಬಿಡಂಗಿಲ್ಲ. ಕೈಮ್ಯಾಲಿಂದಾದ್ರ ಕೈ ಜತಿ ಸರೀತದ."

ಬಾಣದ ಕೀಲಿ ಒತ್ತಿದ. ಹೆಂಡತಿಯ ಕೈ ಅಷ್ಟಿಷ್ಟು ಸರಿಯುತ್ತಿತ್ತು, ಹುಳು ನಡೆಯುತ್ತಿತ್ತು. ಒಂದು ಚುಕ್ಕೆ ಇದ್ದಲ್ಲೇ ಇತ್ತು. ಎರಡನೆಯದೂ ಇದ್ದಲ್ಲೇ ಇತ್ತು. ಮೂರನೆಯದು ಕೈಯ ಜೊತೆ ಸರಿಯಿತು. ಅವನು ಮತ್ತೆ ಹಿಂದಿನಿಂದ ಓಡಿಸಿದ. ಮತ್ತೆ ಸರಿಯಿತು. ಸಾಸಿವೆಯಷ್ಟು ಸಣ್ಣದು, ಕಿರುಬೆರಳಿನ ಕೆಳಗೆ ಹಾಯುವ ಗೆರೆಯಿಂದ ಈಚೆಗಿತ್ತು. ಈಗಿನ ಕಲೆ ಆ ಗೆರೆಯನ್ನು ದಾಟಿ ಆಚೆಗೆ ಹೋಗಿತ್ತು.

ಅಲ್ಲಿಂದಲೇ ಡಾಕ್ಟರಿಗೆ ಎರಡು ವರ್ಷದ ಹಿಂದಿನ ಮೂಲವನ್ನೂ ನಿನ್ನೆ ತೆಗೆದ ತಿದ್ದದ ಚಿತ್ರವನ್ನೂ ಕಳಿಸಿದೆ. ಹತ್ತು ನಿಮಿಷದಲ್ಲಿ ಅವರೇ ಫೋನ್ ಮಾಡಿದರು. ಮೂರು ತಿಂಗಳ ಮಾತು ಬ್ಯಾಡ, ನಾಳೆಯೇ ಕರಕೊಂಡು ಬರ್ರಿ ಎಂದರು.

ಮರುದಿನ ಅವರ ಕೋಣೆಯಲ್ಲಿ, ಹೆಂಡತಿಯ ಎದುರೇ, ಹೇಳಬೇಕಾಯಿತು. "ಅವತ್ತು ತೋರಿಸಿದ್ದು ತಿದ್ದಿದ ಫೋಟೋರಿ ಮೇಡಂ. ಧೂಳ ಅಂತ ತಿಳದು ನಾನೇ ಅಳಿಸಿದ್ದೆ." ಡಾಕ್ಟರಮ್ಮ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ಹೆಂಡತಿ ಮಾತ್ರ ಥಟ್ಟನೆ ತಿರುಗಿ ನನ್ನನ್ನು ನೋಡಿದಳು. ಸಿಟ್ಟಿನ ನೋಟವಲ್ಲ. ಏನೋ ಕೇಳುವವಳಿದ್ದಳು, ಅಷ್ಟರಲ್ಲಿ ನರ್ಸ್ ಬಂದು ಅವಳನ್ನು ಒಳಗೆ ಕರೆದರು.

ಕಲೆಯನ್ನು ಸುತ್ತಲಿನ ಚರ್ಮದ ಸಮೇತ ಕತ್ತರಿಸಿ ತೆಗೆದು ಪರೀಕ್ಷೆಗೆ ಕಳಿಸಿದರು. ವರದಿಗೆ ಹನ್ನೆರಡು ದಿನ. ಆ ಹನ್ನೆರಡು ದಿನ ನಾನೇ ಅಡಿಗೆ ಮಾಡಿದೆ. ನನ್ನ ರೊಟ್ಟಿ ನೋಡಿ ಅವಳು ಒಂದೆರಡು ಸಲ ನಕ್ಕಳು. ನಾನು ನಗಲಾರದೆ ಹೋದೆ. ಶಾಲೆಯಲ್ಲಿ ವಹಿಗಳ ಮುಂದೆ ಕೂತರೆ ಕೆಂಪು ಪೆನ್ನಿನ ಮುಚ್ಚಳ ತೆಗೆಯದೆ ಎತ್ತಿಡುತ್ತಿದ್ದೆ. ಫೋನ್ ಸದ್ದಾದರೆ ಸಾಕು, ವರಾಂಡಕ್ಕೆ ಓಡುತ್ತಿದ್ದೆ. ಅವಳಿಗೇನಾದರೂ ಆದರೆ ಕೊಂದವನು ನಾನೇ ಎಂದು ನನಗೆ ಖಾತ್ರಿಯಾಗಿತ್ತು.

ಹದಿಮೂರನೆಯ ದಿನ ಇಬ್ಬರೂ ಹೋದೆವು. ಡಾಕ್ಟರಮ್ಮ ವರದಿಯನ್ನು ಎರಡು ಸಲ ಓದಿ ತಲೆ ಎತ್ತಿದರು.

"ಕೆಟ್ಟದ್ದೇ ಇತ್ತರಿ. ಆದ್ರ ಮ್ಯಾಲಿನ ಪದರದಾಗೇ ಅದ, ಕೆಳಗ ಇಳಿದಿಲ್ಲ. ಪೂರಾ ತಗದೀವಿ. ಮೂರು ತಿಂಗಳು ಕಾದಿದ್ರ ಹಿಂಗ ಹೇಳಲಿಕ್ಕೆ ಆಗ್ತಿದ್ದಿಲ್ಲೇನೋ. ಆಗಾಗ ಬಂದು ತೋರಿಸ್ಕೋತ ಇರ್ರಿ."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ನಾನು ಅತ್ತೆ. ಹೆಂಡತಿ ಬ್ಯಾಂಡೇಜಿನ ಕೈಯಿಂದಲೇ ನನ್ನ ಭುಜ ತಟ್ಟಿ, ಏಳ್ರಿ, ಗಾಡಿ ಹೋಗ್ತದ ಎಂದಳು.

ಸಂಜೆಯ ಗಾಡಿಯಲ್ಲಿ ಕಿಟಕಿಯ ಹತ್ತಿರ ಎದುರುಬದುರು ಕೂತಿದ್ದೆವು. ಶಹಾಬಾದ ದಾಟುವವರೆಗೆ ಅವಳು ಹೊರಗೆ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಒಂದು ಮಾತು ಕೇಳ್ತೀನಿ, ಖರೇ ಹೇಳ್ರಿ. ಅದು ಧೂಳ ಅಂತ ತಿಳದೇ ಅಳಿಸಿದ್ರೇನು?"

"ಹೌದು. ಮತ್ಯಾಕ ಅಳಿಸ್ಲಿ?"

ಅವಳು ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿ ತಿರುಗಿಸಿ ಇಟ್ಟುಕೊಂಡಳು.

"ನೀವು ಆ ಫೋಟೋ ಗೋಡಿಗಿ ಹಾಕಿದ ದಿನಾನೇ ನೋಡಿದ್ದೆ, ನನ್ನ ಕೈಯಾಗಿನ ಚುಕ್ಕಿ ಇರಲಿಲ್ಲ. ನಿಮ್ಮ ಕಣ್ಣಿಗಿ ಅದು ಛಂದ ಕಾಣಲಿಲ್ಲ, ಅದಕ್ಕ ತಗದೀರಿ ಅಂತ ತಿಳಕೊಂಡೆ. ಅವತ್ತಿಂದ, ಅದು ಉರಿಯೋತನಕ, ನಿಮ್ಮ ಮುಂದ ನಾ ಆ ಕೈ ಬಿಚ್ಚಿದ್ದಿಲ್ರಿ."