ವಿಲಾಯತಿಯಲ್ಲಿ ಕಲಿತ ದನದ ಡಾಕ್ಟರು

ಎಪ್ಪತ್ತರ ದಶಕದಲ್ಲಿ ಸಿಂದಗಿ ಕಡೆಯ ನಮ್ಮ ದನದ ದವಾಖಾನೆಗೆ ಬಂದ ಡಾಕ್ಟರು, ಸರಕಾರದ ಖರ್ಚಿನಲ್ಲಿ ಇಂಗ್ಲೆಂಡಿಗೆ ಹೋಗಿ ಓದಿ ಬಂದವರು. ನಾನು ಅವರ ಕಂಪೌಂಡರ್. ಯಾವ ದನ ಬಂದರೂ ಅವರು ನಾಲ್ಕು ಮಾರು ದೂರ ನಿಂತು, "ಅಲ್ಲಿ ಆಕಳಾ ಹಿಂಗ ಇರಂಗಿಲ್ಲ" ಎನ್ನುತ್ತಿದ್ದರು. ಮುಟ್ಟುವ ಕೆಲಸವೆಲ್ಲ ನನ್ನದು.

ಒಮ್ಮೆ ದೇವರ ಹಿಪ್ಪರಗಿಯ ಮುದುಕಿಯೊಬ್ಬಳ ಎಮ್ಮೆ ಈಯಲಾರದೆ ಒದ್ದಾಡುತ್ತಿತ್ತು. ನಾವಿಬ್ಬರೂ ಹೋದೆವು. ನಾನು ಕೈಹಾಕಿ ನೋಡಿದರೆ ಕರು ಹೊಟ್ಟೆಯಲ್ಲಿ ಅಡ್ಡವಾಗಿತ್ತು. ಡಾಕ್ಟರು ಕೊಟ್ಟಿಗೆಯ ಬಾಗಿಲಲ್ಲೇ ನಿಂತು ಇಂಗ್ಲೆಂಡಿನ ಯಂತ್ರಗಳನ್ನು ವರ್ಣಿಸತೊಡಗಿದರು.

"ನಿಮ್ಮನ್ನ ಅಲ್ಲಿಗೆ ಕಳಿಸಿದವ್ರು ಯಾರ್ರಿ?" ಮುದುಕಿ ಕೇಳಿದಳು.

"ಸರಕಾರ."

"ನಾ ತರೋ ಕಡ್ಡಿಪೆಟ್ಟಿಗಿ ಮ್ಯಾಲೂ ಸರಕಾರದ ತೆರಿಗಿ ಐತಂತ. ಅಂದಮ್ಯಾಲೆ ನಿಮ್ಮನ್ನ ಓದಿಸಿದಾಕಿ ನಾನೂ ಹೌದಲ್ರಿ? ಏನ್ ಕಲ್ತು ಬಂದೀರಿ, ತೋರಸ್ರಿ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಎಮ್ಮೆಯ ಮುಖ ನೋಡಿದೆ. ಕೊನೆಗೆ ಅವರು ಅಂಗಿ ಕಳಚಿ, ಸಗಣಿಯಲ್ಲೇ ಮೊಣಕಾಲೂರಿದರು. ಅರ್ಧ ತಾಸು ಬೆವರು ಸುರಿಸಿ, ಕರುವನ್ನು ತಿರುಗಿಸಿ ಜೀವಂತವಾಗಿ ಹೊರತೆಗೆದರು. ಅವರಿಗೆ ಅಷ್ಟು ಚಂದ ಕೆಲಸ ಬರುತ್ತದೆಂದು ನನಗೂ ಗೊತ್ತಿರಲಿಲ್ಲ, ಬಹುಶಃ ಅವರಿಗೂ.

ಕರು ಎದ್ದು ನಿಂತ ಮೇಲೆ ಡಾಕ್ಟರು ಎಮ್ಮೆಯ ಬೆನ್ನು ಸವರುತ್ತ, "ಇದರ ಹೆಸರೇನ್ ಯವ್ವಾ?" ಎಂದರು. ಅಲ್ಲಿಯವರೆಗೆ ಅವರು ಯಾವ ದನದ ಹೆಸರನ್ನೂ ಕೇಳಿದವರಲ್ಲ.