ಬಿರುಕಿಗೆ ಕರಿಮರದ ಚಿಟ್ಟೆ
ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ ಬೆಟ್ಟದ ಬಡಗಿ ಈನಕ್ ಟ್ಯಾಂಡಿ ಮಗಳ ಮದುವೆಗೆಂದು ಮಾಡಿದ ಓಕ್ ಪೆಟ್ಟಿಗೆಯ ಮುಚ್ಚಳ, ಮದುವೆಯ ವಾರದಲ್ಲೇ ಬಿರುಕು ಬಿಟ್ಟಿತು.

"ಮೇಣ ಮೆತ್ತಿ ಪಾಲಿಶ್ ಹೊಡಿ ಮಾರಾಯ, ಬೀಗರಿಗೇನು ಗೊತ್ತಾಗುತ್ತೆ?" ಎಂದ ಜೊತೆಗಾರ ರೂಬೆನ್.

"ಮುಚ್ಚಿಡೋದು ಕಾರ್ಖಾನೆಯವರ ಕಸುಬು ಕಣೋ. ನನ್ನ ಮಗಳ ಪೆಟ್ಟಿಗೇಲಿ ಸುಳ್ಳಿರಬಾರದು."

ಈನಕ್ ಕರಿಮರದ ತುಂಡುಗಳನ್ನು ಚಿಟ್ಟೆಯಾಕಾರಕ್ಕೆ ಕೊಯ್ದು, ಬಿರುಕು ಮತ್ತೆ ಬಾಯಿ ಬಿಡದಂತೆ ಅದಕ್ಕೆ ಅಡ್ಡಲಾಗಿ ಹುದುಗಿಸಿದ. ಅಂದವೂ ಅದೇ, ಬಿಗಿಯೂ ಅದೇ. ಕೆಲಸಕ್ಕೆ ಬಾರದ ಅಲಂಕಾರ ಆ ಬೆಟ್ಟದ ಕೈಕಸುಬಿನ ಬಡಗಿಗಳ ಪಾಲಿಗೆ ಬರೀ ಮೋಸ.

ಮದುವೆಯ ದಿನ ಬೀಗಿತ್ತಿ ಮಿಸೆಸ್ ಪೆಗ್ಲರ್ ಮುಚ್ಚಳ ನೋಡಿ ಹುಬ್ಬು ಗಂಟಿಕ್ಕಿದಳು. "ಇದು ಒಡೆದದ್ದಲ್ವೇನ್ರೀ?"

"ಹೌದ್ರೀ, ಒಡೆದಿತ್ತು. ಹಿಡಿದಿಟ್ಟಿರೋದೂ ಕಾಣ್ತಿದೆಯಲ್ಲ?"

ಆಕೆ ಮುಚ್ಚಳದ ಮೇಲೆ ಬೆರಳಾಡಿಸಿದಳು, ಎಲ್ಲೂ ತಡೆಯಲಿಲ್ಲ. "ಮಾಳಿಗೆಗೆ ಬೇಡ ಕಣ್ರೋ, ಬಂದವರು ಕೂರೋ ಕೋಣೇಲಿಡಿ," ಎಂದು ಪೆಟ್ಟಿಗೆ ಹೊರಲು ಬಂದ ಗಂಡಸರಿಗೆ ಹೇಳಿದಳು.

ಎದೆಯುಬ್ಬಿಸಿಕೊಂಡು ಈನಕ್ ತಾನೇ ಒಂದು ತುದಿ ಹಿಡಿದೆತ್ತಿದ.