ಮರ್ಯಾದೆಗೆ ಕೈಬಿಟ್ಟ ವಿಮಾನ

ನಿಮ್ಮೂರು ಬುಗುರಿಯಂತೆ ತಿರುಗುವುದನ್ನು ಎಂದಾದರೂ ನೋಡಿದ್ದೀರಾ? ಕಳೆದ ವಾರ ನಾನು ನೋಡಿದೆ. ಶಿಡ್ಲಘಟ್ಟದ ಹಿಪ್ಪುನೇರಳೆ ತೋಟ, ಚಿಂತಾಮಣಿ ರಸ್ತೆ, ಒಂದು ಕೆರೆ. ಮತ್ತೆ ಅದೇ ತೋಟ, ಅದೇ ರಸ್ತೆ, ಅದೇ ಕೆರೆ. ಹೆದರಬೇಕಿತ್ತು. ನಾನು ನಗುತ್ತಿದ್ದೆ. (ಕೆಲವರಿಗೆ ಭಯವೂ ನಗುವಾಗಿಯೇ ಬರುತ್ತದೆ.)

ನನ್ನ ಹಳೆಯ ವಿದ್ಯಾರ್ಥಿನಿ ನೌಶೀನ್ ವಿಮಾನ ಹಾರಿಸಲು ಕಲಿಯುತ್ತಿದ್ದಾಳೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಮನೆಯ ಹುಡುಗಿ. ಇನ್ನೇನು ಅವಳ ಸೋಲೋ, ಅಂದರೆ ಪಕ್ಕದಲ್ಲಿ ಯಾರೂ ಇಲ್ಲದೆ ಹಾರುವ ಮೊದಲ ಅವಕಾಶ. "ಮಿಸ್, ಅದಕ್ಕೆ ಮುಂಚೆ ಒಂದ್ಸಲ ಹಿಂದಿನ ಸೀಟಲ್ಲಿ ಬನ್ನಿ" ಎಂದು ಕರೆದಳು. ಅಂದಿನ ಪಾಠ ಸ್ಟಾಲ್. (ಇಂಥ ಪಾಠಕ್ಕೆ ಹೊರಗಿನವರನ್ನು ಕೂರಿಸಿಕೊಂಡದ್ದೇ ಮೊದಲ ತಪ್ಪು. ನಾನು ಕುಳಿತದ್ದು ಎರಡನೆಯದು.)

ಸ್ಟಾಲ್ ಎಂದರೆ ಎಂಜಿನ್ ನಿಲ್ಲುವುದಲ್ಲ. ವಿಮಾನದ ಮೂತಿಯನ್ನು ಅತಿಯಾಗಿ ಎತ್ತಿದಾಗ ರೆಕ್ಕೆಗಳು ಭಾರ ಹೊರಲಾರದೆ ಸೋಲುತ್ತವೆ. ಕೂಡಲೇ ಮೂತಿ ತಗ್ಗಿಸಬೇಕು. ಇದನ್ನು ಬೇಕೆಂದೇ ಮಾಡಿ ಕಲಿಯುತ್ತಾರೆ. ನೌಶೀನ್ ಮೂತಿ ಎತ್ತಿದಳು. ಪಕ್ಕದಲ್ಲಿದ್ದ ಇನ್‌ಸ್ಟ್ರಕ್ಟರ್ ಒಂದು ಮಾತೂ ಆಡದೆ ತಮ್ಮ ಮುಂದಿನ ಹಿಡಿಕೆಗೆ ಕೈ ತಾಗಿಸಿದರು. ಸಾರ್ ಕೈ ಹಾಕಿದರಲ್ಲ! ಇವಳು ಮರ್ಯಾದೆಯಿಂದ ಕೈ ಹಿಂತೆಗೆದಳು. ಇವಳೇ ಹಿಡಿದಿದ್ದಾಳೆ ಎಂದುಕೊಂಡು ಅವರೂ ತೆಗೆದರು.

ಎಡ ರೆಕ್ಕೆ ಧಡಕ್ಕನೆ ಕುಸಿಯಿತು.

"ಹಿಡ್ಕೊಂಡಿಲ್ವೇನಮ್ಮಾ?"

"ನೀವು ಹಿಡ್ಕೊಂಡಿಲ್ವಾ ಸಾರ್?"

ಭೂಮಿ ಸುತ್ತತೊಡಗಿತು. "ಯಾ ಅಲ್ಲಾ! ಕಂಟ್ರೋಲ್ ನಂದು ಸಾರ್, ಮುಟ್ಬೇಡಿ!" ಎಂದು ಕಿರುಚಿದ ನೌಶೀನ್, ಎಂಜಿನ್ನಿನ ಜೋರು ಇಳಿಸಿ, ತಿರುಗುತ್ತಿದ್ದ ದಿಕ್ಕಿಗೆ ಎದುರಿನ ಪೆಡಲ್ ಒತ್ತಿ, ಮೂತಿ ತಗ್ಗಿಸಿದಳು. ಕೆರೆ ತನ್ನ ಜಾಗದಲ್ಲಿ ನಿಂತಿತು. ನನ್ನ ನಗು ಮಾತ್ರ ನಿಲ್ಲಲಿಲ್ಲ.

ನೆಲ ಮುಟ್ಟಿದ ಮೇಲೆ ಇನ್‌ಸ್ಟ್ರಕ್ಟರ್, "ಸೋಲೋ ಈಗ್ಲೇ ಬೇಡ. ಹೆಣ್ಮಕ್ಳು ಭಯಕ್ಕೆ ಕೈ ಬಿಡ್ತಾರೆ" ಎಂದರು.

ನಾನು ಸುಮ್ಮನಿರುವವಳೇ? ಹಿಡಿತ ಯಾರದೆಂಬುದನ್ನು ಬಾಯಿಬಿಟ್ಟು ಹೇಳಿಯೇ ಕೊಡಬೇಕು, ಹೇಳಿಯೇ ಪಡೆಯಬೇಕು. ಹೇಳದೆ ಕೈ ಹಾಕಿದ್ದು ತಪ್ಪು. ಅದನ್ನು ಹೆಣ್ಣಿನ ತಲೆಗೆ ಕಟ್ಟಿದ್ದು ಇನ್ನೂ ದೊಡ್ಡ ತಪ್ಪು. ದೊಡ್ಡವರು ಮುಟ್ಟಿದ್ದನ್ನು ಚಿಕ್ಕವರು ತೆಪ್ಪಗೆ ಬಿಟ್ಟುಕೊಡಬೇಕೆಂದು ಮನೆಮನೆಯಲ್ಲೂ ಕಲಿಸುತ್ತೇವಲ್ಲ, ಅದು ಎಲ್ಲಕ್ಕಿಂತ ದೊಡ್ಡ ತಪ್ಪು. ಟಿವಿಯ ರಿಮೋಟ್ ಆದರೆ ನಡೆದೀತು. ವಿಮಾನವಾದರೆ?

ಇಷ್ಟನ್ನೂ ಅವರಿಗೆ ವಿವರಿಸುತ್ತಿರುವಾಗಲೇ, "ಮಿಸ್, ನೀವ್ ಸ್ವಲ್ಪ ಸುಮ್ನಿರಿ" ಎಂದಳು ನೌಶೀನ್. ಅವರತ್ತ ತಿರುಗಿ, "ಸಾರ್, ನೀವು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ನಾಳೆ ಇನ್ನೊಂದ್ಸಲ ಮಾಡಣ. ಹೇಳ್ದೆ ಕೈ ಹಾಕಿದ್ರೆ ಮಾತ್ರ ಬೈತೀನಿ" ಎಂದಳು.

ಅವರು ನಕ್ಕರು. "ಬೈಯಮ್ಮಾ. ಬೈದ್ರೆ ಸೋಲೋ ನಿಂದೇ."

ಮರುದಿನ ಅವರು ಬೇಕೆಂದೇ ಕೈ ಹಾಕಿದರಂತೆ. ಇವಳು ಕನ್ನಡ, ಉರ್ದು, ತೆಲುಗು ಮೂರರಲ್ಲೂ ಬೈದಳಂತೆ. ನಿನ್ನೆ ನೌಶೀನ್ ಒಬ್ಬಳೇ ಹಾರಿದಳು.

ಈ ಬೈಗುಳವನ್ನು ನಮ್ಮ ಶಾಲೆಗಳಲ್ಲಿ ಯಾವ ತರಗತಿಯಿಂದ ಕಲಿಸೋಣ?